ಪಿಎಸ್ 5 (ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಆಡಲು, ಸಿನಿಮಾ ನೋಡಲು ಒಂದೇ ಟಿವಿ ಕೊಳ್ಳುವಾಗ ಏನು ನೋಡಬೇಕು?

ಮೊದಲು ನೋಡಬೇಕಾದ್ದು ಪ್ಯಾನೆಲ್‌ನ ನಿಜವಾದ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎನ್ನುವುದು. ಜಾಹೀರಾತಿನಲ್ಲಿ 'ಮೋಷನ್ ರೇಟ್ 120' ಅಂತ ದೊಡ್ಡದಾಗಿ ಹಾಕಿರುತ್ತಾರೆ, ಒಳಗಿನ ಪ್ಯಾನೆಲ್ 60 ಹರ್ಟ್ಸ್‌ದೇ ಆಗಿರಬಹುದು. 'ನೇಟಿವ್ 120 ಹರ್ಟ್ಸ್' ಎಂದು ಕಂಪನಿಯ ವೆಬ್‌ಸೈಟಿನಲ್ಲಿ ಇದೆಯಾ ನೋಡಿ.

ಆಮೇಲೆ ಟಿವಿಯ ಎಚ್‌ಡಿಎಂಐ ಪೋರ್ಟ್ (ಕನ್ಸೋಲ್‌ನ ಕೇಬಲ್ ಚುಚ್ಚುವ ಜಾಗ). 4ಕೆಯಲ್ಲಿ ಸೆಕೆಂಡಿಗೆ 120 ಫ್ರೇಮ್ (ಚಿತ್ರ) ಬರಬೇಕಾದರೆ ಎಚ್‌ಡಿಎಂಐ 2.1 ಬೇಕು. ಹಳೆಯ 2.0 ಸೆಕೆಂಡಿಗೆ 18 ಗಿಗಾಬಿಟ್‌ಗೇ ನಿಲ್ಲುತ್ತದೆ, ಸಾಲದು. ತುಂಬಾ ಜನ ಎಡವುವುದು ಇಲ್ಲೇ. ನಾಲ್ಕು ಪೋರ್ಟ್ ಇರುವ ಎಷ್ಟೋ ಟಿವಿಗಳಲ್ಲಿ ಎರಡು ಮಾತ್ರ 2.1. ಅದರಲ್ಲೂ ಒಂದು ಹಲವು ಸಲ ಇ-ಆರ್ಕ್ (ಸೌಂಡ್‌ಬಾರ್‌ಗೆ ಧ್ವನಿ ಕಳಿಸುವ) ಪೋರ್ಟೇ ಆಗಿರುತ್ತದೆ. ಸೌಂಡ್‌ಬಾರ್ ಅಲ್ಲಿಗೆ ಹೋದರೆ ಉಳಿಯುವುದು ಒಂದೇ. ಮನೆಯಲ್ಲಿ ಎರಡು ಕನ್ಸೋಲ್ ಇದ್ದರೆ ಕಷ್ಟ ಅಲ್ವಾ? ಕೇಬಲ್ ಮಾತ್ರ ಬೇರೆ ಕೊಳ್ಳಬೇಡಿ, ಪಿಎಸ್ 5 ಜೊತೆ ಬರುವುದೇ ಸಾಕು.

ವಿಆರ್‌ಆರ್ (ಆಟದ ಫ್ರೇಮ್ ವೇಗಕ್ಕೆ ತಕ್ಕಂತೆ ಟಿವಿಯ ರಿಫ್ರೆಶ್ ರೇಟ್ ಬದಲಿಸುವ ಸೌಲಭ್ಯ) ಇರಲಿ. ಫ್ರೇಮ್ ಏರುಪೇರಾದಾಗ ಚಿತ್ರ ಸೀಳಿದಂತೆ ಕಾಣುವುದನ್ನು ಅದು ತಪ್ಪಿಸುತ್ತದೆ. ಆಡುವಾಗ ಗೇಮ್ ಮೋಡ್ ಹಾಕಲೇಬೇಕು, ಇಲ್ಲದಿದ್ದರೆ ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ.

ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ, ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್‌ಇಡಿಯ ಕಪ್ಪು ಬಣ್ಣಕ್ಕೆ ಸಾಟಿಯಿಲ್ಲ. ಆದರೆ ದಿನವಿಡೀ ಒಂದೇ ಸ್ಕೋರ್ ಪಟ್ಟಿ ನಿಲ್ಲುವ ಆಟವಾದರೆ ಪರದೆಯ ಮೇಲೆ ಅದರ ಕಲೆ ಉಳಿಯುವ ಅಪಾಯವಿದೆ. ಬಿಸಿಲು ಜಾಸ್ತಿ ಬರುವ ಹಾಲ್‌ಗೆ ಹೆಚ್ಚು ಬೆಳಕು ಕೊಡುವ ಮಿನಿ ಎಲ್‌ಇಡಿ ತಗೊಳ್ಳಿ. 8ಕೆಗೆ ಸುಮ್ನೆ ದುಡ್ಡು ಹಾಕಬೇಡಿ. ಬಜೆಟ್ ಕಡಿಮೆಯೇ? ಪಿಎಸ್ 5ನ ಬಹಳಷ್ಟು ಆಟಗಳು 60 ಫ್ರೇಮ್ ಅಥವಾ ಅದಕ್ಕಿಂತ ಕಡಿಮೆಯಲ್ಲೇ ಓಡುತ್ತವೆ, ಒಳ್ಳೆಯ 60 ಹರ್ಟ್ಸ್ ಟಿವಿಯೂ ನಡೆಯುತ್ತದೆ.