ಓದುಗರ ಪ್ರಶ್ನೆ, ತಜ್ಞರ ಉತ್ತರ: ಅರಣ್ಯ ವಿಜ್ಞಾನಿಯ ಸಂಶೋಧನೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಅರಣ್ಯ ಮತ್ತು ಹವಾಮಾನ ನೀತಿಯ ಬಗ್ಗೆ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಒಬ್ಬ ಪ್ರಾಧ್ಯಾಪಕರ ಎಚ್-ಇಂಡೆಕ್ಸ್ 60, ಇನ್ನೊಬ್ಬರದು 22. ಹೆಚ್ಚಿರುವವರನ್ನೇ ಮಾರ್ಗದರ್ಶಕರನ್ನಾಗಿ ಆರಿಸಿಕೊಳ್ಳಲೇ?

ಉತ್ತರ: ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಎಚ್-ಇಂಡೆಕ್ಸ್ 22 ಎಂದರೆ ಅವರ 22 ಪ್ರಬಂಧಗಳು ತಲಾ ಕನಿಷ್ಠ 22 ಬಾರಿ ಉಲ್ಲೇಖಗೊಂಡಿವೆ ಎಂದಷ್ಟೇ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಈ ಅಳತೆ ವರ್ಷ ಕಳೆದಂತೆ ಏರಬಹುದು, ಇಳಿಯುವುದಿಲ್ಲ. ಹಾಗಾಗಿ ಹಿರಿಯರಿಗೆ ಸಹಜವಾಗಿಯೇ ಅನುಕೂಲ. ಒಟ್ಟು ಉಲ್ಲೇಖಗಳ ಸಂಖ್ಯೆಯಂತೂ ಇನ್ನೂ ದಾರಿ ತಪ್ಪಿಸುತ್ತದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ವರದಿಯ ಒಂದು ಅಧ್ಯಾಯ ಬರೆದವರ ಗೂಗಲ್ ಸ್ಕಾಲರ್ (ಪ್ರಬಂಧಗಳನ್ನೂ ಉಲ್ಲೇಖಗಳನ್ನೂ ಪಟ್ಟಿ ಮಾಡುವ ತಾಣ) ಖಾತೆಗೆ ಇಡೀ ವರದಿಯ ಉಲ್ಲೇಖಗಳು ಜಮೆಯಾಗುವುದುಂಟು. ಇಂಥ ವರದಿಗಳನ್ನು ಪಕ್ಕಕ್ಕಿಟ್ಟು, ಅವರೇ ಮೊದಲ ಅಥವಾ ಕೊನೆಯ ಲೇಖಕರಾಗಿರುವ ಪ್ರಬಂಧಗಳನ್ನು ನೋಡಿ. ಅವರ ವಿದ್ಯಾರ್ಥಿಗಳು ಮೊದಲ ಲೇಖಕರಾಗಿದ್ದಾರೆಯೇ ಎಂಬುದೂ ನಿಮಗೆ ಮುಖ್ಯ.

ಪ್ರಶ್ನೆ: ಪ್ರಬಂಧವೊಂದು ನಿಜವಾಗಿ ನೀತಿಗೆ ಮುಟ್ಟಿತೇ ಎಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಐಪಿಸಿಸಿ 2006ರಲ್ಲಿ ಮಾರ್ಗಸೂಚಿ ಹೊರತಂದಿದೆ. ಅದರ 4ನೇ ಸಂಪುಟದ 4ನೇ ಅಧ್ಯಾಯ ಅರಣ್ಯದ್ದು. ಅಲ್ಲಿನ ಕೋಷ್ಟಕಗಳಲ್ಲಿ ಅಂಕಿಗಳ ಮೂಲ ನಮೂದಾಗಿರುತ್ತದೆ; ಆ ಪ್ರಬಂಧ ಅಲ್ಲಿದೆಯೇ ಎಂದು ಹುಡುಕಿ. ಸ್ವಂತ ಅಳತೆ ಇಲ್ಲದ ದೇಶಗಳು ಇಲ್ಲಿನ ಅಂಕಿಗಳನ್ನೇ ಬಳಸುತ್ತವೆ. ಹಾಗಾಗಿ ಇಲ್ಲಿ ಸೇರಿದ ಒಂದು ಅಂಕಿ ಎಷ್ಟೋ ದೇಶಗಳ ಲೆಕ್ಕಪತ್ರದೊಳಗೆ ಕೂರುತ್ತದೆ. ಬಳಿಕ 2019ರ ಪರಿಷ್ಕರಣೆಯನ್ನೂ, ಭಾರತ ವಿಶ್ವಸಂಸ್ಥೆಗೆ ಸಲ್ಲಿಸುವ ವರದಿಗಳನ್ನೂ ನೋಡಿ.

ಕೆಲವು ಪ್ರಭಾವ ಹೀಗೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎತ್ತಿದ ಪ್ರಶ್ನೆಯನ್ನೇ ನೋಡಿ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಮರಗಳ ನೆರಳಿರುವ ಜಾಗವೆಲ್ಲ ಸರ್ಕಾರಿ ಲೆಕ್ಕದಲ್ಲಿ ‘ಅರಣ್ಯ ಹೊದಿಕೆ’. ಮರದ ಜಾತಿ ಯಾವುದು, ಜಾಗದ ಒಡೆತನ ಯಾರದು ಎಂಬುದು ಗಣನೆಗೆ ಬರುವುದಿಲ್ಲ. ಕೊಡಗಿನ ಕಾಫಿ ತೋಟವೂ ಅದರಲ್ಲಿ ಸೇರುತ್ತದೆ, ನೀಲಗಿರಿ ನೆಡುತೋಪೂ ಸೇರುತ್ತದೆ. ಹೀಗೆ ಕೂಡಿಸಿದಾಗ ನೆಡುತೋಪಿನ ಏರಿಕೆಯ ಹಿಂದೆ ಸಹಜ ಕಾಡಿನ ನಾಶ ಮರೆಯಾಗುತ್ತದೆ ಎಂಬುದು ಅವರ ವಾದದ ತಿರುಳು. ಸರ್ಕಾರದ 2023ರ ಅರಣ್ಯ ಸ್ಥಿತಿಗತಿ ವರದಿಯಲ್ಲೂ ವ್ಯಾಖ್ಯೆ ಬದಲಾಗಿಲ್ಲ. ಹಾಗೆಂದು ಈ ಕೆಲಸ ವ್ಯರ್ಥವಾಯಿತು ಎನ್ನಲು ನಾವು ಸಿದ್ಧರಿಲ್ಲ. ‘ಕಾಡು ಹೆಚ್ಚಿದೆ’ ಎಂಬ ಸುದ್ದಿ ಓದಿದವರು ‘ಯಾವ ಕಾಡು?’ ಎಂದು ಕೇಳಲು ಬೇಕಾದ ಆಧಾರ ಇಂಥ ಪ್ರಬಂಧಗಳಲ್ಲಿದೆ.

ಪ್ರಶ್ನೆ: ನಮ್ಮ ಬದುವಿನಲ್ಲಿ ತೇಗದ ಮರಗಳಿವೆ. ಒಂದು ಮರ ಎಷ್ಟು ಇಂಗಾಲ ಹಿಡಿದಿದೆ ಎಂದು ನಾವೇ ಲೆಕ್ಕ ಹಾಕಬಹುದೇ?

ಉತ್ತರ: ಅಂದಾಜು ಹಾಕಬಹುದು. ಫ್ರಾನ್ಸಿನ ಜೆರೋಮ್ ಶಾವ್ ಮತ್ತು ಸಂಗಡಿಗರು ಉಷ್ಣವಲಯದ 58 ತಾಣಗಳಲ್ಲಿ ಕಡಿದು ತೂಗಿದ 4,004 ಮರಗಳ ಮಾಹಿತಿಯಿಂದ 2014ರಲ್ಲಿ ಒಂದು ಸೂತ್ರ ಕೊಟ್ಟರು. ಮರದ ಸಾಂದ್ರತೆ (ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ), ಸೆಂಟಿಮೀಟರಿನಲ್ಲಿ ವ್ಯಾಸದ ವರ್ಗ (ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿದ್ದು), ಮೀಟರಿನಲ್ಲಿ ಎತ್ತರ ಈ ಮೂರನ್ನೂ ಗುಣಿಸಿ, ಬಂದದ್ದನ್ನು 0.976 ಘಾತಕ್ಕೇರಿಸಿ, 0.0673ರಿಂದ ಗುಣಿಸಿ. ನೆಲದ ಮೇಲಿನ ಒಣತೂಕ ಕಿಲೋದಲ್ಲಿ ಸಿಗುತ್ತದೆ.

ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ. ಸುತ್ತಳತೆ 94.2 ಸೆಂ.ಮೀ. ಬಂದರೆ 3.14ರಿಂದ ಭಾಗಿಸಿ, ವ್ಯಾಸ 30. ಎತ್ತರ 15 ಮೀಟರ್, ತೇಗದ ಸಾಂದ್ರತೆ ಸುಮಾರು 0.55 ಎಂದಿಟ್ಟುಕೊಂಡರೆ ಒಣತೂಕ ಸುಮಾರು 403 ಕಿಲೋ. ಬೇರಿಗೆಂದು 1.26ರಿಂದ ಗುಣಿಸಿದರೆ 508. ಅದರಲ್ಲಿ ಇಂಗಾಲ 0.47 ಭಾಗ, ಅಂದರೆ 239 ಕಿಲೋ. ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ 44/12ರಿಂದ ಗುಣಿಸಿದರೆ ಸುಮಾರು 876 ಕಿಲೋ.

ಎಡವುವುದು ಹೆಚ್ಚಾಗಿ ಒಂದೇ ಕಡೆ: ಸುತ್ತಳತೆಯನ್ನೇ ವ್ಯಾಸವೆಂದು ಹಾಕಿಬಿಡುತ್ತಾರೆ. ಆಗ ಉತ್ತರ ಒಂಬತ್ತು ಪಟ್ಟು ಮೀರುತ್ತದೆ. ಬದುವಿನ ಮರ ಕಾಡಿನ ಮರದಷ್ಟು ಉದ್ದ ಬೆಳೆಯದಿರಬಹುದು, ಆದ್ದರಿಂದ ಎತ್ತರವನ್ನು ಊಹಿಸದೆ ಅಳೆಯಿರಿ. ಒಂಟಿ ಮರದ ಲೆಕ್ಕದಲ್ಲಿ ತಪ್ಪು ದೊಡ್ಡದಿರುತ್ತದೆ. ಸಾಲಿನ ಎಲ್ಲ ಮರಗಳನ್ನೂ ಅಳೆದು ಕೂಡಿಸಿದರೆ ಮೊತ್ತವನ್ನು ಹೆಚ್ಚು ನಂಬಬಹುದು.