ಅಪ್ಪಯ್ಯ 'ನೋಡನ' ಅಂದರೆ ಏನರ್ಥ?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷ ಆಯಿತು. ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯಲಿಕ್ಕೆ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಬಳಸುವ ಉದ್ದದ ಕೋಲು) ತರೋಣ ಅಂದರೆ ಅಪ್ಪಯ್ಯ 'ಅಡ್ಡಿಲ್ಲೆ, ನೋಡನ' ಅನ್ನುತ್ತಾರೆ, ಮುಂದೆ ಮಾತೇ ಇಲ್ಲ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಸಿಗುವುದಿಲ್ಲ ಅಂತ ದಿನಾ ಗೊಣಗುವವರೂ ಅವರೇ. ಹಿರಿಯರಿಗೆ ಹೊಸದು ಅಂದರೆ ಯಾಕಿಷ್ಟು ಅಲರ್ಜಿ?
– ಒಬ್ಬ ಓದುಗ, ಶಿರಸಿ

ಉತ್ತರ: ತಮ್ಮಾ, ನಮ್ಮ ಕಡೆ 'ನೋಡನ' ಅಂದರೆ ಮುಕ್ಕಾಲು ಪಾಲು 'ಬೇಡ' ಅಂತಲೇ. ಉಳಿದ ಕಾಲು ಪಾಲಿನಲ್ಲಿ ನಿನ್ನ ಕೆಲಸ ಇರುವುದು.

ಗದ್ದೆಗೆ ಹೊಸ ಬೀಜ ಹಾಕಿ ಕೆಟ್ಟರೆ ಒಂದು ವರ್ಷ ಹೋಯಿತು, ಮುಂದಿನ ಮಳೆಗೆ ಬೇರೆ ಬೀಜ. ಅಡಿಕೆ ಹಾಗಲ್ಲ. ಸಸಿ ನೆಟ್ಟು ಫಸಲು ನೋಡಲಿಕ್ಕೇ ಐದಾರು ವರ್ಷ ಬೇಕು. ತಪ್ಪು ಮಾಡಿದರೆ ಆ ತಪ್ಪು ಹತ್ತಾರು ವರ್ಷ ಅಂಗಳದ ಎದುರಿಗೇ ನಿಂತಿರುತ್ತದೆ, ಹೋಗುವವರು ಬರುವವರೆಲ್ಲ ನೋಡುತ್ತಾರೆ. ಇಂಥ ಬೆಳೆ ನಂಬಿ ಬದುಕಿದವರಿಗೆ ನಿಧಾನ ಮೈಗೆ ಹತ್ತಿಬಿಡುತ್ತದೆ. ದೋಟಿಗೂ ಸಸಿಗೂ ಅದೇ ನಿಧಾನ ಯಾಕೆ ಅಂತ ನೀನು ಕೇಳಬಹುದು. ಕೇಳು, ತಪ್ಪಿಲ್ಲ.

ನಮ್ಮ ಅಜ್ಜನ ಕಥೆ ಹೇಳುತ್ತೇನೆ. ಮೊದಲು ಕೊಳೆರೋಗ ಬರದ ಹಾಗೆ ಅಡಿಕೆ ಗೊನೆಗೆ ಕರಡದ ಹುಲ್ಲಿನ ಹೊದಿಕೆ, ಅಂದರೆ ಕೊಟ್ಟೆ, ಕಟ್ಟುತ್ತಿದ್ದರು, ಮಳೆ ನೀರು ತಾಗಬಾರದು ಅಂತ. ಆಮೇಲೆ ಬೋರ್ಡೋ ಎಂಬ ಔಷಧಿ ದ್ರಾವಣ ಬಂತು. ಅದರ ಹುಟ್ಟೇ ಒಂದು ತಮಾಷೆ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲ್ಲಾರ್ಡೆ ಎಂಬ ಪ್ರೊಫೆಸರ್ ಅದನ್ನು ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಬರೆದು ತಿಳಿಸಿದ. ಆಮೇಲೆ ಮೈಸೂರು ಸೀಮೆಯಲ್ಲಿ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಗೂ ಅದನ್ನೇ ಹಿಡಿದರು. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು – ಇವತ್ತಿಗೂ ನಿಮ್ಮ ಮನೆಯಲ್ಲಿ ಅದೇ ಲೆಕ್ಕ, ಅಲ್ವಾ? ಅಜ್ಜ ಏನು ಮಾಡಿದ ಅಂದರೆ, ಇಡೀ ತೋಟಕ್ಕೆ ಔಷಧಿ ಹೊಡೆಸಿದ, ಆದರೆ ಹೊಳೆ ಬದಿಯ ಹತ್ತು ಮರಕ್ಕೆ ಮಾತ್ರ ಕೊಟ್ಟೆಯನ್ನೇ ಕಟ್ಟಿಸಿದ. ಒಂದು ವರ್ಷ ಅಲ್ಲ, ನಾಲ್ಕು ವರ್ಷ. ಪಕ್ಕದ ಮನೆಯವರು ನಗುತ್ತಿದ್ದರು. ಐದನೇ ವರ್ಷ ಅವನೇ ಸುಮ್ನೆ ಬಿಟ್ಟ, ಯಾರಿಗೂ ಏನೂ ಹೇಳಲಿಲ್ಲ.

ಅದಕ್ಕೇ ಇಡೀ ತೋಟದ ಮಾತು ತೆಗೆಯಬೇಡ. ದೋಟಿ ಇದ್ದವರನ್ನು ಒಂದು ದಿನದ ಮಟ್ಟಿಗೆ ಕರೆಸು, ಒಂದೇ ಸಾಲು ಕೊಯ್ಯಿಸು. ಕರೆಸುವುದು ಅಪ್ಪಯ್ಯನ ವಯಸ್ಸಿನವರನ್ನೇ ಆಗಲಿ. ಅಮೆರಿಕದ ಅಯೋವಾದಲ್ಲಿ 259 ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೇಗೆ ಬದಲಾದರು ಅಂತ ರಯಾನ್ ಮತ್ತು ಗ್ರಾಸ್ ಎಂಬಿಬ್ಬರು ವಿಚಾರಿಸಿ 1943ರಲ್ಲಿ ಬರೆದರು. ಹೆಚ್ಚಿನವರು ಸುದ್ದಿ ಕೇಳಿದ್ದು ಬೀಜ ಮಾರುವವರಿಂದ, ನಂಬಿದ್ದು ಮಾತ್ರ ಪಕ್ಕದ ಹೊಲದವನನ್ನು ನೋಡಿ. ಫಸಲು ಜಾಸ್ತಿ ಅಂತ ಗೊತ್ತಿದ್ದರೂ ಬಹುತೇಕ ಎಲ್ಲರೂ ಒಪ್ಪಲಿಕ್ಕೆ ಹತ್ತು ವರ್ಷದ ಮೇಲೆಯೇ ಹಿಡಿಯಿತು. ಬೇಸರ ಮಾಡಬೇಡ, ಆದರೆ ಈ ಕಥೆಯಲ್ಲಿ ನೀನು ಬೀಜ ಮಾರುವವನ ಜಾಗದಲ್ಲಿದ್ದೀಯ.

ಇನ್ನೊಂದು. 'ಯಾಕೆ ಬೇಡ' ಅಂತ ಅಪ್ಪಯ್ಯನನ್ನು ಒಮ್ಮೆಯಾದರೂ ಕೂತು ಕೇಳಿದ್ದೀಯಾ? ನಿಮ್ಮ ತೋಟದ ಮೇಲೆ ಕರೆಂಟ್ ತಂತಿ ಹೋಗಿದೆಯಾ? ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಅಷ್ಟುದ್ದದ ದೋಟಿ ತಂತಿಗೆ ತಾಗಿದರೆ ಕೆಳಗೆ ಹಿಡಿದವನ ಗತಿ? ಅವರ ತಲೆಯಲ್ಲಿ ಇದೇ ಇದ್ದರೆ ಅದು ಅಲರ್ಜಿ ಅಲ್ಲ. ಆ ಸಾಲು ಬಿಟ್ಟು ಬೇರೆ ಸಾಲು ಆರಿಸಿಕೋ.

ಪ್ರಶ್ನೆ: ನಮ್ಮ ಮೀನು ಮಾರ್ಕೆಟ್ಟಿನ ಅಕ್ಕ ಎಷ್ಟು ವರ್ಷ ಹೇಳಿದರೂ ಫೋನಿನಲ್ಲಿ ದುಡ್ಡು ಬೇಡ ಅಂದವಳು ಈಗ ತಾನೇ ಸ್ಕ್ಯಾನರ್ ಇಟ್ಟಿದ್ದಾಳೆ. ಹಟ ಹೇಗೆ ಕರಗಿತು?
– ಒಬ್ಬ ಶಿಕ್ಷಕಿ, ಕಾರವಾರ

ಉತ್ತರ: ಟೀಚರ್, ಸ್ಕ್ಯಾನರ್ ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್ ಇದೆಯಾ ನೋಡಿ. ನನ್ನ ಊಹೆ, ಅದೇ ಕರಗಿಸಿದ್ದು. ಕೈಯೆಲ್ಲ ಬಂಗಡೆಯ ಲೋಳೆ, ಎದುರಿಗೆ ನಾಲ್ಕು ಗಿರಾಕಿ, ಅಂಥಾ ಹೊತ್ತಿನಲ್ಲಿ ಫೋನ್ ತೆಗೆದು ದುಡ್ಡು ಬಂತಾ ಅಂತ ಯಾರು ನೋಡುತ್ತಾರೆ? 'ಹಾಕಿದೆ ಅಕ್ಕ' ಅಂದವನ ಮಾತು ನಂಬಬೇಕು. ಡಬ್ಬಿ ಕೂಗಿ ಹೇಳತೊಡಗಿದ ಮೇಲೆ ನಂಬುವ ತಾಪತ್ರಯ ಇಲ್ಲ. ಮತ್ತೆ ಸೊಂಟದ ಚೀಲದಲ್ಲಿರುವ ನೋಟು ಅವಳದ್ದು, ನಾಳೆ ಬೆಳಿಗ್ಗೆ ಹರಾಜಿಗೆ ಬೇಕಾಗುತ್ತದೆ. ಖಾತೆಗೆ ಹೋದದ್ದು ಯಾರ ಕೈಯಲ್ಲಿರುತ್ತದೆ ಅನ್ನುವುದು ಮನೆ ಮನೆಗೆ ಬೇರೆ. ಈಗಲೂ ಅರ್ಧ ದುಡ್ಡು ನೋಟಿನಲ್ಲೇ ಕೇಳುತ್ತಿದ್ದರೆ ಕೊಟ್ಟುಬಿಡಿ.

ಪ್ರಶ್ನೆ: ಮಸಾಲೆ ಒರಳಲ್ಲೇ ಅರೆಯಬೇಕು, ಮಿಕ್ಸಿ ಬೇಡವೇ ಬೇಡ ಅನ್ನುತ್ತಾರೆ ಅತ್ತೆ. ರುಚಿ ಹೌದು. ಆದರೆ ಅರೆಯುವವಳು ನಾನು.
– ಒಬ್ಬ ಸೊಸೆ, ಕುಮಟಾ

ಉತ್ತರ: ತಂಗಿ, ಹಳೇದು ಚೆನ್ನ ಅಂತ ಹೇಳುವುದು ಸುಲಭ, ರಟ್ಟೆ ಬೇರೆಯವರದ್ದಾದರೆ ಇನ್ನೂ ಸುಲಭ. ವಾರಕ್ಕೆ ಆರು ದಿನ ಮಿಕ್ಸಿ. ಭಾನುವಾರ ಒರಳು, ಆವತ್ತು ಗುಂಡು ನಿನ್ನ ಗಂಡನ ಕೈಗೆ ಕೊಡು.