ಕಣ್ಣೆದುರೇ ಹೊರಟುಹೋದ ಸಿಟಿ ಬಸ್

ಪ್ರಶ್ನೆ: ಮೊದಲು ಊರ ನಡುವಿನವರೆಗೂ ಬರುತ್ತಿದ್ದ ದೂರದ ಬಸ್ ಈಗ ಹೊರವಲಯದ ನಿಲ್ದಾಣದಲ್ಲೇ ಇಳಿಸಿಬಿಡುತ್ತದೆ. ಅಲ್ಲಿಂದ ಸಿಟಿ ಬಸ್ ಹಿಡಿಯಬೇಕು. ಮೊನ್ನೆ ನಾವು ಬಂದದ್ದು 12 ನಿಮಿಷ ತಡ. ಡಿಕ್ಕಿಯಿಂದ ಬ್ಯಾಗ್ ಎಳೆಯುತ್ತಿದ್ದಾಗಲೇ ಎದುರಿನ ಸಿಟಿ ಬಸ್ ಹೊರಟುಹೋಯಿತು. ಎರಡು ನಿಮಿಷ ನಿಲ್ಲಿಸಿದ್ದರೆ ಏನಾಗುತ್ತಿತ್ತು?

ಉತ್ತರ: ಆ ಬಸ್ಸಿಗೆ ಸೀಟಿ ಊದಿದವರು ನನ್ನಂಥವರೇ ಇರಬೇಕು. ಇಂಥದ್ದೇ ನಿಲ್ದಾಣದಲ್ಲಿ ವರ್ಷಗಟ್ಟಲೆ ಕಂಟ್ರೋಲರ್ ಆಗಿದ್ದವನು ನಾನು. ಹಾಗಾಗಿ ನಿಮ್ಮ ಸಿಟ್ಟು ಹೊಸದೇನಲ್ಲ.

ಮುಂದಿನ ಬಸ್ ಎಷ್ಟು ಹೊತ್ತಿಗಿತ್ತು ಎಂದು ನೀವು ಬರೆದಿಲ್ಲ. ವಿಷಯ ಇರುವುದೇ ಅಲ್ಲಿ. 10 ನಿಮಿಷಕ್ಕೊಂದು ಬಸ್ ಇದ್ದರೆ ನಾನು ಈಗಲೂ ಕಳಿಸಿಯೇ ಬಿಡುತ್ತೇನೆ. ಒಳಗೆ 40 ಜನ ಕೂತಿದ್ದಾರೆ ಅನ್ನಿ. ತಲೆಗೆ ಎರಡು ನಿಮಿಷ ಅಂದರೂ ಒಟ್ಟು 80 ನಿಮಿಷ ಹೋಯಿತು. ಅಷ್ಟಕ್ಕೇ ಮುಗಿಯುವುದಿಲ್ಲ. ತಡವಾದ ಬಸ್ಸಿಗೆ ಮುಂದಿನ ಸ್ಟಾಪ್‌ಗಳಲ್ಲಿ ಜಾಸ್ತಿ ಜನ ಸೇರಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಇನ್ನಷ್ಟು ತಡ. ಇದರ ಹಿಂದೆ ಬರುವ ಬಸ್ಸಿಗೆ ಜನ ಕಮ್ಮಿ. ಅದು ಬೇಗ ಬೇಗ ಬಂದು ಇದರ ಬೆನ್ನಿಗೇ ಅಂಟಿಕೊಳ್ಳುತ್ತದೆ. ಎಷ್ಟು ಹೊತ್ತಾದರೂ ಒಂದೂ ಬರದೆ, ಆಮೇಲೆ ಎರಡೆರಡು ಒಟ್ಟಿಗೇ ಬರುತ್ತವೆ ಅಲ್ವಾ? ಅದು ಶುರುವಾಗುವುದು ಇಂಥ ಎರಡು ನಿಮಿಷದಿಂದಲೇ.

ಆದರೆ ನಿಮಗೆ ತಪ್ಪಿದ್ದು ಗಂಟೆಗೊಂದರ ಬಸ್ಸೋ, ರಾತ್ರಿಯ ಕೊನೇ ಬಸ್ಸೋ ಆಗಿದ್ದರೆ ನಾನು ನಿಮ್ಮ ಪರ. ಒಂದು ಮಳೆಯ ರಾತ್ರಿ ಗಡಿಯಾರ ನೋಡಿಕೊಂಡು ಕೊನೇ ಬಸ್ ಬಿಟ್ಟೆ. ನಾಲ್ಕೇ ನಿಮಿಷಕ್ಕೆ ದೂರದ ಬಸ್ ಒಳಗೆ ಬಂತು. 11 ಜನ ಇಳಿದರು. ಒಬ್ಬರ ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ನಮ್ಮ ಸಿಬ್ಬಂದಿಯ ಕೋಣೆ ತೆರೆದುಕೊಟ್ಟೆ. ಮಾರನೇ ದಿನದಿಂದ, ಕೊನೇ ಬಸ್ಸಿಗೆ ಮೊದಲು ದೂರದ ಬಸ್ಸಿನ ಡ್ರೈವರ್‌ಗೆ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳತೊಡಗಿದೆ. ಯಾವ ರೂಲ್ಸೂ ಇರಲಿಲ್ಲ, ಸುಮ್ನೆ ನಾನೇ ಮಾಡಿಕೊಂಡದ್ದು.

ತೊಂದರೆ ಇರುವುದು ಇಲ್ಲೇ. ದೂರದ ಬಸ್ಸಿನ ವೇಳಾಪಟ್ಟಿ ಬರೆಯುವವರು ಒಬ್ಬರು, ಸಿಟಿ ಬಸ್ಸಿನದು ಇನ್ನೊಬ್ಬರು. ಇಬ್ಬರೂ ಒಂದೇ ಮೇಜಿಗೆ ಕೂರುವುದು ಅಪರೂಪ. ಸ್ವಿಟ್ಜರ್ಲೆಂಡ್‌ನಲ್ಲಿ 1982ರಲ್ಲಿ ದೇಶದ ಬಹುತೇಕ ರೈಲುಗಳನ್ನು ಪ್ರತಿ ಗಂಟೆಯೂ ಅದದೇ ನಿಮಿಷಕ್ಕೆ ಹೊರಡುವಂತೆ ಕೂರಿಸಿದರು. ಅಲ್ಲಿನ ಎಷ್ಟೋ ಹಳ್ಳಿಗಳ ಬಸ್ ರೈಲಿಗೆ ಸ್ವಲ್ಪ ಮುಂಚೆ ಬಂದು, ರೈಲು ಬಂದಮೇಲೆ ಹೊರಡುತ್ತದೆ. ಅಲ್ಲಿ ಕನೆಕ್ಷನ್ ಅನ್ನುವುದು ಡ್ರೈವರ್‌ನ ದಯೆ ಅಲ್ಲ, ಪಟ್ಟಿಯಲ್ಲೇ ಬರೆದದ್ದು.

ದೂರದ ಬಸ್ ಊರೊಳಗೆ ಯಾಕೆ ಬರುವುದಿಲ್ಲ ಅಂದರೆ, ಕೊನೆಯ ಕೆಲವೇ ಕಿಲೋಮೀಟರ್ ಟ್ರಾಫಿಕ್ ಇಡೀ ಟ್ರಿಪ್ಪನ್ನು ತಿಂದುಹಾಕುತ್ತದೆ. ಚಾಲಕರ ಗಂಟೆಗಳಿಗೂ ಮಿತಿ ಇದೆ. ಯುರೋಪಿನ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕೊಡಲೇಬೇಕು. ಹೊರವಲಯದಲ್ಲೇ ತಿರುಗಿಸಿದರೆ ಅದೇ ಬಸ್ಸಿನಿಂದ ಇನ್ನೊಂದು ಟ್ರಿಪ್ ಸಿಕ್ಕರೂ ಸಿಕ್ಕೀತು. ಆ ಉಳಿತಾಯದಲ್ಲಿ ಒಂದು ಪಾಲು ನಿಮ್ಮ ಕಾಯುವ ಹೊತ್ತಿನಿಂದ ಕಿತ್ತದ್ದು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನೀವು ಮಾಡಬಹುದಾದದ್ದು: ಬ್ಯಾಗ್ ಸಣ್ಣದಾದರೆ ಡಿಕ್ಕಿಗೆ ಹಾಕಬೇಡಿ. ನಿಲ್ದಾಣ ಅರ್ಧ ಗಂಟೆ ದೂರವಿರುವಾಗಲೇ ಕಂಡಕ್ಟರ್‌ಗೆ ಹೇಳಿ, ಕಂಟ್ರೋಲ್‌ಗೆ ತಿಳಿಸಲಿ. ‘ಕೊನೇ ಬಸ್ಸಿಗೆ ನಾವು ಆರು ಜನ ಇದ್ದೇವೆ’ ಅಂದರೆ ಕೇಳುವ ಕಿವಿಯೇ ಬೇರೆ. ಇನ್ನೊಂದು ಹಳೇ ಉಪಾಯ: ನಿಲ್ದಾಣಕ್ಕೆ ಒಂದು ಸ್ಟಾಪ್ ಮೊದಲೇ ನಿಮ್ಮ ಸಿಟಿ ಬಸ್ಸಿನ ದಾರಿ ಸಿಗುತ್ತದಾ ನೋಡಿ. ಸಿಕ್ಕರೆ ಅಲ್ಲೇ ಇಳಿಯಿರಿ.

ಪ್ರಶ್ನೆ: ನಿಲ್ದಾಣದಲ್ಲಿ ದೂರದ ಬಸ್‌ಗಳು ಓರೆಯಾಗಿ, ಸಿಟಿ ಬಸ್‌ಗಳು ಸಾಲಾಗಿ ನಿಲ್ಲುವುದೇಕೆ?

ಉತ್ತರ: ಓರೆಯಾಗಿ ಮೂತಿ ತೂರಿಸಿ ನಿಂತರೆ ಪ್ಲಾಟ್‌ಫಾರಂನಲ್ಲಿ ಜಾಗ ಉಳಿಯುತ್ತದೆ. ಲಗೇಜ್ ಹೇರುತ್ತಾ ಅರ್ಧ ಗಂಟೆ ನಿಲ್ಲುವ ಬಸ್ಸಿಗೆ ಅದು ಸರಿ. ಆದರೆ ಹೊರಡುವಾಗ ರಿವರ್ಸ್ ಬರಬೇಕು, ಹಿಂದೆ ಒಬ್ಬರು ನಿಂತು ಸೀಟಿ ಊದಬೇಕು. ನಿಮಿಷಕ್ಕೊಂದು ಹೊರಡುವ ಸಿಟಿ ಬಸ್ಸಿಗೆ ಹಾಗೆ ಮಾಡಿಸಿದರೆ ನಿಲ್ದಾಣವೇ ಜಾಮ್.